ಹೊರುವ ತಂದೆ: ಕಿರುಕೋತಿಗಳ ಶಿಶುಪಾಲನೆ, ಹಾರ್ಮೋನುಗಳು ಮತ್ತು ‘ಕುವಾದ್’ ಆಚರಣೆಯ ಪ್ರಶ್ನೆ

ಶ್ರೀವೈಷ್ಣವ ಸಂಪ್ರದಾಯದ ಶರಣಾಗತಿಯ ಚರ್ಚೆಯಲ್ಲಿ ಮರ್ಕಟಕಿಶೋರ ನ್ಯಾಯ ಮತ್ತು ಮಾರ್ಜಾಲಕಿಶೋರ ನ್ಯಾಯ ಎಂಬ ಎರಡು ದೃಷ್ಟಾಂತಗಳು ಪ್ರಸಿದ್ಧವಾಗಿವೆ. ಬೆಕ್ಕು ತನ್ನ ಮರಿಯನ್ನು ತಾನೇ ಬಾಯಲ್ಲಿ ಕಚ್ಚಿಕೊಂಡು ಒಯ್ಯುತ್ತದೆ. ಮರಿ ಏನನ್ನೂ ಮಾಡಬೇಕಾಗಿಲ್ಲ. ಕೋತಿಯ ಮರಿಯಾದರೋ ತಾಯಿಯ ಹೊಟ್ಟೆಯನ್ನು ತಾನಾಗಿಯೇ ಬಿಗಿಯಾಗಿ ಅಪ್ಪಿಕೊಂಡಿರಬೇಕು. ತೆಂಗಲೆ ಮತ್ತು ವಡಗಲೆ ಪಂಥಗಳ ನಡುವಣ ಭಿನ್ನಾಭಿಪ್ರಾಯವನ್ನು ವಿವರಿಸಲು ಬಳಕೆಯಾದ ಈ ದೃಷ್ಟಾಂತಗಳಲ್ಲಿ ಮರಿಯ ಪ್ರಯತ್ನದ ಬಗೆಗೆ ವಾದವಿದೆಯೇ ಹೊರತು ಹೊರುವವರು ಯಾರೆಂಬುದರ ಬಗೆಗೆ ಇಲ್ಲ. ಹೊರುವವಳು ತಾಯಿ ಎಂಬುದು ಉಭಯ ಪಕ್ಷಗಳಿಗೂ ಸಮ್ಮತವಾದ ಸಂಗತಿ. ಈ ನಾಡಿನ ಕೋಡಗ, ಮುಸುವ, ಸಿಂಗಳೀಕಗಳನ್ನು ಕಂಡವರಿಗೆ ಆ ವಿಷಯದಲ್ಲಿ ಸಂದೇಹ ಹುಟ್ಟುವ ಪ್ರಸಂಗವೂ ಇರಲಿಲ್ಲ.

ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಈ ದೃಷ್ಟಾಂತ ಹೀಗೆ ಹುಟ್ಟುತ್ತಿರಲಿಲ್ಲ. ಅಲ್ಲಿನ ಮಾರ್ಮೊಸೆಟ್ ಮತ್ತು ಟ್ಯಾಮರಿನ್ ಎಂಬ ಕಿರುಕೋತಿಗಳಲ್ಲಿ ಮರಿ ಅಪ್ಪಿಕೊಂಡಿರುವುದು ಬಹುಪಾಲು ಹೊತ್ತು ತಂದೆಯ ಬೆನ್ನನ್ನು. ಹಾಲೂಡಿಸುವ ಹೊತ್ತಿಗೆ ಮಾತ್ರ ಅದು ತಾಯಿಯ ಬಳಿಗೆ ಹೋಗುತ್ತದೆ. ಈ ತಂದೆಯ ದೇಹದಲ್ಲಿ ನಡೆಯುವ ಮಾರ್ಪಾಡುಗಳನ್ನು ಕಳೆದ ನಾಲ್ಕು ದಶಕಗಳಿಂದ ವಿಜ್ಞಾನಿಗಳು ಅಳೆಯುತ್ತ ಬಂದಿದ್ದಾರೆ. ಜನನ ಸಂಬಂಧಿ ಆಚರಣೆಗಳನ್ನು ಅಭ್ಯಾಸ ಮಾಡುವ ಜಾನಪದ ವಿದ್ವಾಂಸರಿಗೆ ಈ ಅಳತೆಗಳು ಅನ್ಯ ಶಾಸ್ತ್ರದ ಸಂಗತಿಗಳೆಂದು ತೋರಬಹುದು. ಆದರೆ ಹೆಂಡತಿಯ ಹೆರಿಗೆಯ ಕಾಲದಲ್ಲಿ ಗಂಡನೂ ಪಥ್ಯ ಹಿಡಿಯುವ, ಮಲಗುವ, ನಿಷೇಧಗಳನ್ನು ಪಾಲಿಸುವ ‘ಕುವಾದ್’ ಪದ್ಧತಿಗೆ ಹಾರ್ಮೋನುಗಳಲ್ಲಿ ಕಾರಣ ದೊರಕಿತೆಂಬ ಮಾತು ಈಗ ಅಲ್ಲಲ್ಲಿ ಕೇಳಿಬರುತ್ತಿದೆ. ಆ ಮಾತನ್ನು ಒಪ್ಪುವ ಅಥವಾ ತಳ್ಳಿಹಾಕುವ ಮುನ್ನ ಕೋತಿಗಳಲ್ಲಿ ನಿಜವಾಗಿ ಕಂಡದ್ದೇನು ಎಂಬುದನ್ನು ತಿಳಿಯುವುದು ಅಗತ್ಯ. ಪ್ರಸ್ತುತ ಲೇಖನದ ವ್ಯಾಪ್ತಿ ಅಷ್ಟೇ.

ಸಾಮಾನ್ಯ ಮಾರ್ಮೊಸೆಟ್ ಬ್ರೆಜಿಲ್ ದೇಶದ ಈಶಾನ್ಯ ಭಾಗದ ಪ್ರಾಣಿ. ಅದರ ತೂಕ ಮುನ್ನೂರು ಗ್ರಾಮಿಗೆ ತುಸು ಹೆಚ್ಚು. ಬೊಗಸೆಯಲ್ಲಿ ಹಿಡಿಯುವಷ್ಟು ಗಾತ್ರ. ಮರದ ತೊಗಟೆಯನ್ನು ಹಲ್ಲಿನಿಂದ ಕೆತ್ತಿ ಒಸರುವ ಅಂಟನ್ನು ನೆಕ್ಕುವುದು, ಹುಳುಹುಪ್ಪಟೆ ಹಿಡಿಯುವುದು, ಹಣ್ಣು ತಿನ್ನುವುದು ಇದರ ಜೀವನಕ್ರಮ. ತಲೆಯ ಮೇಲೆ ಬಿಳಿಯ ಜುಟ್ಟುಳ್ಳ ಹತ್ತಿತಲೆ ಟ್ಯಾಮರಿನ್ ಕೊಲಂಬಿಯಾದ ವಾಯವ್ಯ ಭಾಗಕ್ಕೆ ಸೀಮಿತವಾದದ್ದು. ಇಂದು ಅದು ಅಳಿವಿನಂಚಿನಲ್ಲಿದೆ. ಇವೆರಡರಲ್ಲಿಯೂ ಸಾಮಾನ್ಯವಾಗಿ ಅವಳಿ ಮರಿಗಳೇ ಹುಟ್ಟುತ್ತವೆ. ಹುಟ್ಟಿದಾಗ ಮಾರ್ಮೊಸೆಟ್ಟಿನ ಎರಡು ಮರಿಗಳ ಒಟ್ಟು ತೂಕ ತಾಯಿಯ ತೂಕದ ಸುಮಾರು ಐದನೆಯ ಒಂದು ಭಾಗ. ಐವತ್ತು ಕಿಲೋ ತೂಕದ ಹೆಂಗಸು ಹತ್ತು ಕಿಲೋ ತೂಗುವ ಕೂಸುಗಳನ್ನು ಹೆತ್ತಂತೆ ಇದು. ಹೆತ್ತ ಸುಮಾರು ಹತ್ತು ದಿನಗಳಲ್ಲಿ ತಾಯಿ ಮತ್ತೆ ಗರ್ಭ ಧರಿಸಬಲ್ಲಳು. ಗರ್ಭಾವಧಿ ಐದು ತಿಂಗಳಿಗೆ ತುಸು ಕಡಿಮೆ. ಆದ್ದರಿಂದ ಒಂದು ಜೊತೆ ಮರಿಗೆ ಹಾಲೂಡಿಸುತ್ತಿರುವಾಗಲೇ ಇನ್ನೊಂದು ಜೊತೆ ಅವಳ ಹೊಟ್ಟೆಯಲ್ಲಿ ಬೆಳೆಯುತ್ತಿರುತ್ತದೆ. ಇಷ್ಟರ ಮೇಲೆ ಮರಿಗಳನ್ನು ಹೊತ್ತು ಕೊಂಬೆಯಿಂದ ಕೊಂಬೆಗೆ ಜಿಗಿಯುವುದು ಅವಳ ಕೈಲಾಗದ ಕೆಲಸ.

ಈ ಭಾರವನ್ನು ಇಡೀ ಗುಂಪು ಹಂಚಿಕೊಳ್ಳುತ್ತದೆ. ತಂದೆ ಮೊದಲಿಗ; ಅವನ ಜೊತೆಗೆ ಹಿಂದಿನ ಸೂಲಿನ ಅಣ್ಣ ಅಕ್ಕಂದಿರು. ಸಾಮಾನ್ಯವಾಗಿ ಗುಂಪಿನಲ್ಲಿ ಮರಿ ಹಾಕುವುದು ಒಂದೇ ಹೆಣ್ಣು. ಉಳಿದ ಹೆಣ್ಣುಗಳಲ್ಲಿ ಅಂಡೋತ್ಪತ್ತಿಯೇ ಅನೇಕ ವೇಳೆ ತಡೆಹಿಡಿಯಲ್ಪಟ್ಟಿರುತ್ತದೆ. ಅಧೀನ ಹೆಣ್ಣೊಂದು ಹೇಗೋ ಮರಿ ಹಾಕಿದರೆ ಯಜಮಾನಿತಿ ಆ ಮರಿಯನ್ನು ಕೊಂದುಹಾಕಿದ ನಿದರ್ಶನಗಳೂ ಇವೆ. ಅವಿಭಕ್ತ ಕುಟುಂಬದ ಸೊಗಸಾದ ಚಿತ್ರವೆಂದು ಇದನ್ನು ಕೊಂಡಾಡುವವರು ಈ ಮುಖವನ್ನು ಮರೆಯಬಾರದು. ಹೊರುವುದಕ್ಕೆ ಬೆಲೆಯೂ ಉಂಟು. ಮರಿಗಳನ್ನು ಹೊತ್ತ ಅವಧಿಯಲ್ಲಿ ಟ್ಯಾಮರಿನ್ ಗಂಡುಗಳು ತಮ್ಮ ಮೈತೂಕದ ಸುಮಾರು ಹತ್ತನೆಯ ಒಂದು ಭಾಗದವರೆಗೂ ಕಳೆದುಕೊಂಡದ್ದನ್ನು ಸಂಶೋಧಕರು ದಾಖಲಿಸಿದ್ದಾರೆ.

ಗಂಡು ಕೋತಿಗಳೆಲ್ಲ ಹೀಗೆಂದು ಭಾವಿಸಲಾಗದು. ಅದಕ್ಕೆ ತೀರ ಎದುರಾದ ನಿದರ್ಶನವೊಂದು ಕರ್ನಾಟಕದಲ್ಲಿಯೇ ದೊರೆತಿದೆ. ಜಪಾನಿನ ಯುಕಿಮಾರು ಸುಗಿಯಾಮಾ ಅವರು 1960ರ ದಶಕದ ಆರಂಭದಲ್ಲಿ ಧಾರವಾಡ ಪರಿಸರದ ಕಾಡುಗಳಲ್ಲಿ ಮುಸುವಗಳನ್ನು ದೀರ್ಘಕಾಲ ಅಭ್ಯಸಿಸಿದರು. ಹೊರಗಿನಿಂದ ಬಂದ ಗಂಡು ಹಿಂಡಿನ ಯಜಮಾನನನ್ನು ಓಡಿಸಿ ತಾನೇ ಯಜಮಾನನಾದ ಮೇಲೆ ಹಿಂಡಿನ ಎಳೆಯ ಮರಿಗಳನ್ನು ಕಚ್ಚಿ ಕೊಂದ ಘಟನೆಯನ್ನು ಅವರು 1965ರಲ್ಲಿ ಪ್ರಕಟಿಸಿದರು. ಮುಸುವಗಳಲ್ಲಿ ಮರಿಯನ್ನು ತಾಯಿಯಲ್ಲದೆ ಹಿಂಡಿನ ಇತರ ಹೆಣ್ಣುಗಳು ಎತ್ತಿಕೊಳ್ಳುವುದುಂಟು. ಗಂಡು ಹೊರುವ ವಾಡಿಕೆ ಇಲ್ಲ. ಅನಂತರ ಅಬು ಪರ್ವತದ ಮುಸುವಗಳನ್ನು ಅಭ್ಯಸಿಸಿ ಈ ಚರ್ಚೆಯನ್ನು ವಿಸ್ತರಿಸಿದ ಸಾರಾ ಹರ್ಡಿ ಅವರು 2009ರ ತಮ್ಮ ಗ್ರಂಥದಲ್ಲಿ, ಮಾನವ ಶಿಶುಪಾಲನೆಯ ಹಿನ್ನೆಲೆಯನ್ನು ಅರಿಯಲು ಮಾರ್ಮೊಸೆಟ್ ಬಗೆಯ ಸಹಕಾರಿ ಪಾಲನೆಯನ್ನೂ ಗಮನಿಸಬೇಕೆಂದು ವಾದಿಸಿದ್ದಾರೆ. ಕೋತಿಯೆಂಬ ಒಂದೇ ಹೆಸರಿನಡಿ ಇಂತಹ ಎರಡು ತುದಿಗಳಿರುವುದರಿಂದ, ‘ಪ್ರಕೃತಿಯಲ್ಲಿ ಗಂಡಿನ ಸ್ವಭಾವ ಇಂಥದು’ ಎಂಬ ಸಾರಾಸಗಟು ಮಾತಿಗೆ ಆಧಾರವಿಲ್ಲ.

ಹಾರ್ಮೋನು ಎಂದರೆ ದೇಹದ ಒಂದೆಡೆಯ ಗ್ರಂಥಿಯಲ್ಲಿ ಉತ್ಪನ್ನವಾಗಿ, ರಕ್ತದ ಮೂಲಕ ಹರಿದು, ಬೇರೊಂದೆಡೆಯ ಅಂಗದ ಕೆಲಸವನ್ನು ಹೆಚ್ಚು ಕಡಿಮೆ ಮಾಡುವ ರಾಸಾಯನಿಕ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಸ್ರವಿಸುವ ಪ್ರೊಲ್ಯಾಕ್ಟಿನ್ ಎಂಬುದು ಅವುಗಳಲ್ಲೊಂದು. ತಾಯಿಯ ಮೊಲೆಯಲ್ಲಿ ಹಾಲು ಉತ್ಪತ್ತಿಯಾಗುವುದರಲ್ಲಿ ಅದರ ಪಾತ್ರ ಮುಖ್ಯವಾದುದರಿಂದ ಹಾಲಿಗೆ ಸಂಬಂಧಿಸಿದ ಈ ಹೆಸರು ಬಂದಿದೆ. ಹೆಸರು ದಾರಿ ತಪ್ಪಿಸುವಂಥದು. ಹಾಲಿಲ್ಲದ ಮೀನುಗಳಲ್ಲಿಯೂ, ಕಾವು ಕೂರುವ ಹಕ್ಕಿಗಳಲ್ಲಿಯೂ, ಎಲ್ಲ ಸಸ್ತನಿಗಳ ಗಂಡುಗಳಲ್ಲಿಯೂ ಈ ಹಾರ್ಮೋನು ಇದೆ.

ಎ. ಎಫ್. ಡಿಕ್ಸನ್ ಮತ್ತು ಎಲ್. ಜಾರ್ಜ್ ಅವರು 1982ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಚಿಕ್ಕ ಲೇಖನ ಈ ಕ್ಷೇತ್ರದ ಮೊದಲ ಮೈಲಿಗಲ್ಲು. ಮರಿಗಳನ್ನು ಹೊತ್ತ ಗಂಡು ಮಾರ್ಮೊಸೆಟ್ಟುಗಳ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಪ್ರಮಾಣ ಹೊರದ ಗಂಡುಗಳಿಗಿಂತ ಐದು ಪಟ್ಟು ಹೆಚ್ಚಾಗಿತ್ತು. ತಾಯ್ತನದ್ದೆಂದು ತಿಳಿದಿದ್ದ ಹಾರ್ಮೋನು ತಂದೆಯಲ್ಲಿಯೂ ಏರುತ್ತದೆಂಬುದು ಆಗ ಅಚ್ಚರಿಯ ಸುದ್ದಿಯಾಯಿತು. ಆದರೆ ಆ ಅಚ್ಚರಿಯಲ್ಲಿ ಒಂದು ಪ್ರಶ್ನೆ ಹಿಂದೆ ಸರಿಯಿತು. ಹಾರ್ಮೋನು ಏರಿದ್ದರಿಂದ ಗಂಡು ಮರಿಯನ್ನು ಹೊತ್ತಿತೋ, ಹೊತ್ತದ್ದರಿಂದ ಹಾರ್ಮೋನು ಏರಿತೋ? ಮೈಗೆ ಮೈ ತಾಗಿದ ಬೆಚ್ಚನೆಯ ಸ್ಪರ್ಶವೇ ಏರಿಕೆಗೆ ಕಾರಣವಾಗಿರಬಹುದಲ್ಲ? ಮುಂದಿನ ಸಂಶೋಧನೆಯ ಬಹುಭಾಗ ಈ ಒಂದು ಗಂಟನ್ನು ಬಿಡಿಸುವ ಪ್ರಯತ್ನವೇ ಆಗಿದೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಟೋನಿ ಜೀಗ್ಲರ್, ಚಾರ್ಲ್ಸ್ ಸ್ನೋಡನ್ ಮತ್ತು ಸಂಗಡಿಗರು ಹತ್ತಿತಲೆ ಟ್ಯಾಮರಿನ್‌ಗಳನ್ನು ಆರಿಸಿಕೊಂಡರು. ರಕ್ತ ತೆಗೆಯಲು ಪ್ರಾಣಿಯನ್ನು ಹಿಡಿದರೆ ಆ ಗಾಬರಿಯೇ ಹಾರ್ಮೋನನ್ನು ಏರುಪೇರು ಮಾಡುತ್ತದೆ. ಆದುದರಿಂದ ಅವರು ಮೂತ್ರವನ್ನು ಸಂಗ್ರಹಿಸಿ ಅಳೆಯುವ ಕ್ರಮವನ್ನು ಅನುಸರಿಸಿದರು. ಕಂಡದ್ದು ಕುತೂಹಲಕರ. ಮರಿ ಹುಟ್ಟುವುದಕ್ಕೆ ಮೊದಲೇ, ಅಂದರೆ ಹೊರಲು ಏನೂ ಇಲ್ಲದಿದ್ದಾಗಲೇ, ಗಂಡಿನ ಪ್ರೊಲ್ಯಾಕ್ಟಿನ್ ಏರತೊಡಗಿತ್ತು. ಸ್ಪರ್ಶವೊಂದೇ ಕಾರಣವೆಂಬ ವಾದ ಇದರಿಂದ ಸಡಿಲವಾಯಿತು. ಜೊತೆಗೆ, ಗಂಡು ಈ ಹಿಂದೆ ಎಷ್ಟು ಸೂಲುಗಳ ಮರಿಗಳನ್ನು ಕಂಡಿತ್ತೆಂಬುದಕ್ಕೂ ಅದರ ಪ್ರೊಲ್ಯಾಕ್ಟಿನ್ ಪ್ರಮಾಣಕ್ಕೂ ಸಂಬಂಧವಿತ್ತು. 2004ರಲ್ಲಿ ಇದೇ ತಂಡ ಮತ್ತೊಂದು ಸಂಗತಿಯನ್ನು ವರದಿ ಮಾಡಿತು. ಗರ್ಭದ ನಡುಗಾಲದಲ್ಲಿ ಹೆಣ್ಣಿನ ದೇಹದಲ್ಲಿ ಕಾರ್ಟಿಸಾಲ್ ವರ್ಗದ ಹಾರ್ಮೋನುಗಳು ಏರುತ್ತವೆ. ಅದಾದ ಸ್ವಲ್ಪ ದಿನಗಳಲ್ಲೇ ಅನುಭವಸ್ಥ ಗಂಡುಗಳಲ್ಲಿಯೂ ಅದಕ್ಕೆ ಸರಿಸಾಟಿಯಾದ ಏರಿಕೆ ಕಾಣಿಸುತ್ತದೆ. ಅನುಭವ ಕಡಿಮೆಯಿದ್ದ ಗಂಡುಗಳಲ್ಲಿ ಈ ಪ್ರತಿಸ್ಪಂದನ ಹಾಗೆ ಕಾಣಲಿಲ್ಲ. ಗರ್ಭದ ಸುದ್ದಿ ವಾಸನೆಯಂತಹ ಮಾರ್ಗದಿಂದ ಗಂಡನ್ನು ಮುಟ್ಟುತ್ತಿರಬೇಕೆಂಬುದು ಸಂಶೋಧಕರ ಊಹೆ.

ಅದೇ ಗುಂಪಿನ 2006ರ ಲೇಖನ ಹೆಚ್ಚು ಪ್ರಚಾರ ಪಡೆಯಿತು. ಸಂಗಾತಿ ಗರ್ಭಿಣಿಯಾಗಿದ್ದ ಅವಧಿಯಲ್ಲಿ ಗಂಡು ಮಾರ್ಮೊಸೆಟ್ಟುಗಳೂ ಟ್ಯಾಮರಿನ್‌ಗಳೂ ತೂಕದಲ್ಲಿ ಏರಿದವು. ಸಂಗಾತಿ ಗರ್ಭ ಧರಿಸದಿದ್ದ ಗಂಡುಗಳು ಹಾಗೆ ಏರಲಿಲ್ಲ. ಮುಂದೆ ಮರಿ ಹೊರುವಾಗ ಇಳಿಯಲಿರುವ ತೂಕವನ್ನು ನೆನೆದರೆ ಈ ಏರಿಕೆ ಮುಂಗಡ ಶೇಖರಣೆಯಂತೆ ತೋರುತ್ತದೆ. ‘ಬಸುರಾದ ಗಂಡು’ ಎಂದು ಇದನ್ನು ತಮಾಷೆ ಮಾಡುವುದು ಸುಲಭ. ಆದರೆ ಇಲ್ಲಿ ಗಮನಿಸಬೇಕಾದುದು, ಇದು ಬಸುರಿನ ಅನುಕರಣೆಯಲ್ಲ, ಬರಲಿರುವ ಹೊರೆಯ ಸಿದ್ಧತೆ ಎಂಬುದು. ಈ ವ್ಯತ್ಯಾಸವನ್ನು ಕುವಾದ್ ಚರ್ಚೆಯಲ್ಲಿ ಮತ್ತೆ ನೆನೆಯಬೇಕಾಗುತ್ತದೆ.

ಕಾರಣ–ಪರಿಣಾಮದ ಪ್ರಶ್ನೆಗೆ ನೇರವಾಗಿ ಕೈಹಾಕಲು ಇರುವ ದಾರಿ ಹಾರ್ಮೋನನ್ನು ಔಷಧಿಯಿಂದ ತಗ್ಗಿಸಿ ನೋಡುವುದು. ಬ್ರೊಮೊಕ್ರಿಪ್ಟಿನ್ ಎಂಬ ಔಷಧಿ ಪ್ರೊಲ್ಯಾಕ್ಟಿನ್ ಸ್ರವಿಕೆಯನ್ನು ಇಳಿಸುತ್ತದೆ. 2001ರಲ್ಲಿ ರಾಬರ್ಟ್ಸ್ ಮತ್ತು ಸಂಗಡಿಗರು, ತಾವು ಇನ್ನೂ ತಂದೆ ತಾಯಿಯಾಗದ ಮಾರ್ಮೊಸೆಟ್ಟುಗಳಿಗೆ ಇದನ್ನು ಕೊಟ್ಟಾಗ ಮರಿಗಳ ಬಗೆಗಿನ ಅವುಗಳ ಸ್ಪಂದನ ಕುಂದಿತೆಂದು ವರದಿ ಮಾಡಿದರು. ಹಾಗಾದರೆ ಪ್ರೊಲ್ಯಾಕ್ಟಿನ್ನೇ ಪಾಲನೆಯ ಕೀಲಿಕೈ ಎಂದು ಹೇಳಬಹುದಿತ್ತು. ಆದರೆ 2006ರಲ್ಲಿ ಆಲ್ಮಂಡ್, ಬ್ರೌನ್ ಮತ್ತು ಕೆವರ್ನ್ ಅವರು ಈಗಾಗಲೇ ಮರಿ ಸಾಕಿ ಪಳಗಿದ ತಂದೆಗಳಲ್ಲಿ ಪ್ರೊಲ್ಯಾಕ್ಟಿನ್ ಅನ್ನು ತಗ್ಗಿಸಿ ನೋಡಿದಾಗ ಫಲಿತಾಂಶ ಬೇರೆಯಾಯಿತು. ಹಾರ್ಮೋನು ಇಳಿಯಿತು, ಹೊರುವ ಕೆಲಸ ಇಳಿಯಲಿಲ್ಲ. ಆ ತಂದೆಗಳು ಎಂದಿನಂತೆ ಮರಿಗಳನ್ನು ಹೊತ್ತವು.

ಈ ಎರಡು ಪ್ರಯೋಗಗಳನ್ನು ಒಂದನ್ನೊಂದು ಅಲ್ಲಗಳೆಯುವ ವರದಿಗಳೆಂದು ಓದುವವರಿದ್ದಾರೆ. ಆ ಓದು ಅವಸರದ್ದು. ಒಂದರಲ್ಲಿದ್ದವು ಹೊಸಬ ಪ್ರಾಣಿಗಳು, ಇನ್ನೊಂದರಲ್ಲಿದ್ದವು ನುರಿತವು. ಮೊದಲ ಬಾರಿಗೆ ಮರಿಯತ್ತ ತಿರುಗುವಾಗ ಹಾರ್ಮೋನಿನ ಒತ್ತಾಸೆ ಬೇಕಾಗಬಹುದು. ಒಮ್ಮೆ ಹೊತ್ತು ರೂಢಿಯಾದ ಮೇಲೆ ಆ ಒತ್ತಾಸೆಯಿಲ್ಲದೆಯೂ ಕೆಲಸ ಸಾಗಬಹುದು ಎಂಬ ಅರ್ಥ ಎರಡಕ್ಕೂ ಹೊಂದುತ್ತದೆ. ತಂದೆ ತಾಯಿಯಾಗದ ಮಾರ್ಮೊಸೆಟ್ಟುಗಳಲ್ಲಿಯೂ ಮರಿಯನ್ನು ಹೊತ್ತ ಮೇಲೆ ಪ್ರೊಲ್ಯಾಕ್ಟಿನ್ ಏರುವುದನ್ನು 2001ರ ಇನ್ನೊಂದು ಅಧ್ಯಯನ ತೋರಿಸಿದೆ. ಬ್ರೆಜಿಲ್ಲಿನ ನತಾಲ್ ನಗರದ ಸಂಶೋಧಕರು 2000ದಲ್ಲಿ ತಂದೆಗಳಲ್ಲಿ ಮಾತ್ರವಲ್ಲದೆ ಸಹಾಯಕ ಪಾಲಕರಲ್ಲಿಯೂ ಪ್ರೊಲ್ಯಾಕ್ಟಿನ್‌ಗೂ ಪಾಲನೆಗೂ ಇರುವ ಸಂಬಂಧವನ್ನು ಗುರುತಿಸಿದ್ದರು. ಹೀಗೆ ಹಾರ್ಮೋನು ಹೊರುವಿಕೆಗೆ ಪ್ರೇರಕವೂ ಹೌದು, ಅದರ ಫಲವೂ ಹೌದು.

ಗಂಡುತನದ ಹಾರ್ಮೋನೆಂದು ಖ್ಯಾತವಾದ ಟೆಸ್ಟೊಸ್ಟೆರಾನ್ ವಿಷಯ ಬೇರೆ ದಿಕ್ಕಿನದು. ಅಮೆರಿಕದ ನೆಬ್ರಾಸ್ಕಾದಲ್ಲಿ ಮಾರ್ಮೊಸೆಟ್ಟಿನ ಇನ್ನೊಂದು ಪ್ರಭೇದವನ್ನು ಕುರಿತು ನಡೆದ, 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮರಿ ಹೊರುವ ಕಾಲದ ತಂದೆಗಳಲ್ಲಿ ಅದು ತಗ್ಗಿದ್ದು ಕಂಡುಬಂತು. 2008ರ ವಿಸ್ಕಾನ್ಸಿನ್ ಪ್ರಯೋಗ ಇನ್ನೂ ಸೂಕ್ಷ್ಮವಾದುದು. ಮರಿಯನ್ನು ತೋರಿಸದೆ ಅದರ ಮೈವಾಸನೆಯನ್ನಷ್ಟೇ ತಂದೆಗೆ ಮೂಸಿಸಲಾಯಿತು. ಇಪ್ಪತ್ತೇ ನಿಮಿಷಗಳಲ್ಲಿ ಅದರ ರಕ್ತದಲ್ಲಿ ಟೆಸ್ಟೊಸ್ಟೆರಾನ್ ಇಳಿದಿತ್ತು. ತಂದೆಯಾಗದ ಗಂಡುಗಳಲ್ಲಿ ಅಂತಹ ಇಳಿಕೆ ಕಾಣಲಿಲ್ಲ. ಮಿದುಳಿನ ರಚನೆಯಲ್ಲಿಯೂ ಬದಲಾವಣೆ ಉಂಟೆಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ತೋರಿಸಿದರು. ತಂದೆ ಮಾರ್ಮೊಸೆಟ್ಟಿನ ಮಿದುಳಿನ ಮುಂಭಾಗದಲ್ಲಿ ನರಕೋಶಗಳ ಕವಲುಗಳ ಮೇಲಿನ ಸೂಕ್ಷ್ಮ ಮುಳ್ಳುಗಳು ಹೆಚ್ಚು ದಟ್ಟವಾಗಿದ್ದವು. ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಹಿಡಿಯುವ ಗ್ರಾಹಕಗಳೂ ಹೆಚ್ಚಿದ್ದವು. ಆಕ್ಸಿಟೋಸಿನ್ ಕುರಿತು ಜಪಾನಿನ ಸೈಟೋ ಮತ್ತು ನಕಮುರಾ ಅವರ 2011ರ ಪ್ರಯೋಗವನ್ನು ಹೆಸರಿಸಿದರೆ ಸಾಕು. ಅದನ್ನು ಮಿದುಳಿಗೆ ನೀಡಿದಾಗ ತಂದೆ ಮಾರ್ಮೊಸೆಟ್ಟುಗಳು ತಮ್ಮ ಕೈಯ ಆಹಾರವನ್ನು ಮರಿಗಳಿಗೆ ಬಿಟ್ಟುಕೊಡಲು ನಿರಾಕರಿಸುವುದು ಕಡಿಮೆಯಾಯಿತು.

ಹಾರ್ಮೋನುಗಳ ಈ ಪಟ್ಟಿಗಿಂತ ಜಾನಪದ ಅಧ್ಯಯನಕ್ಕೆ ಹೆಚ್ಚು ಹತ್ತಿರವಾದುದು ಕಲಿಕೆಯ ಸಂಗತಿ. ಹತ್ತಿತಲೆ ಟ್ಯಾಮರಿನ್‌ಗಳು ಚಿಕ್ಕಂದಿನಲ್ಲಿ ತಮ್ಮ ತಂಗಿ ತಮ್ಮಂದಿರನ್ನು ಹೊತ್ತ ಅನುಭವವಿಲ್ಲದೆ ಬೆಳೆದು ತಂದೆ ತಾಯಿಯಾದರೆ, ಅವು ಮರಿಗಳನ್ನು ತಿರಸ್ಕರಿಸುವುದು, ಮರಿಗಳು ಸಾಯುವುದು ಬಹಳ ಹೆಚ್ಚು. ಇದನ್ನು ಸುಜೆಟ್ ಟಾರ್ಡಿಫ್ ಮತ್ತು ಸಂಗಡಿಗರು 1984ರಲ್ಲಿಯೇ ದಾಖಲಿಸಿದ್ದರು. ಸಾಕಿದ ಕೋತಿಗಳ ಸಂತತಿಯನ್ನು ಉಳಿಸಿಕೊಳ್ಳಲು ಮರಿಗಳನ್ನು ಬೇಗನೆ ಬೇರ್ಪಡಿಸದೆ ಮುಂದಿನ ಸೂಲುಗಳವರೆಗೆ ಕುಟುಂಬದಲ್ಲಿಯೇ ಇರಿಸಬೇಕೆಂಬ ಪಾಠವನ್ನು ಪ್ರಾಣಿಪಾಲಕರು ಇದರಿಂದ ಕಲಿತರು. ತಾಯ್ತನವೂ ತಂದೆತನವೂ ಹುಟ್ಟಿನಿಂದಲೇ ಬರುವ ಸಹಜ ಪ್ರವೃತ್ತಿ ಎಂಬ ಸಾಮಾನ್ಯ ತಿಳಿವಳಿಕೆಗೆ ಈ ಪುಟ್ಟ ಪ್ರಾಣಿ ಒಡ್ಡುವ ಆಕ್ಷೇಪ ಸಣ್ಣದೇನಲ್ಲ. ಎಳೆಯ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗುವ ಅಕ್ಕಂದಿರನ್ನು ಕಂಡ ನಮ್ಮ ಹಳ್ಳಿಗಳಿಗೆ ಅದು ಅಪರಿಚಿತ ಸತ್ಯವೂ ಅಲ್ಲ.

ಇನ್ನು ಕುವಾದ್ ವಿಚಾರ. ಕಾವು ಕೂರುವುದು ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದ ಈ ಪದವನ್ನು ಮಾನವಶಾಸ್ತ್ರದಲ್ಲಿ ನೆಲೆಗೊಳಿಸಿದವರು ಎಡ್ವರ್ಡ್ ಟೈಲರ್. ತಮ್ಮ 1865ರ ಗ್ರಂಥದಲ್ಲಿ ಅವರು ತಂದೆ ಮತ್ತು ಕೂಸಿನ ದೇಹಗಳು ಒಂದಕ್ಕೊಂದು ಬೆಸೆದಿವೆಯೆಂಬ ನಂಬಿಕೆಯೇ ಇದರ ಮೂಲವೆಂದರು. 1889ರ ವೇಳೆಗೆ, ಮಾತೃಪ್ರಧಾನ ವ್ಯವಸ್ಥೆಯಿಂದ ಪಿತೃಪ್ರಧಾನ ವ್ಯವಸ್ಥೆಗೆ ದಾಟುವ ಹಂತದಲ್ಲಿ ಗಂಡಸು ಕೂಸಿನ ಮೇಲೆ ಹಕ್ಕು ಸಾರುವ ಕ್ರಮ ಇದೆಂಬ ವಿವರಣೆಯತ್ತ ವಾಲಿದರು. ಸಾಮಾಜಿಕ ಪಿತೃತ್ವವನ್ನು ಸ್ಥಾಪಿಸುವ ಕಾರ್ಯ ಇದರದ್ದೆಂದು ಅನಂತರ ಮಲಿನೋವ್‌ಸ್ಕಿ ಅಭಿಪ್ರಾಯಪಟ್ಟರು. ದಕ್ಷಿಣ ಭಾರತದ ನಿದರ್ಶನವೂ ಈ ಚರ್ಚೆಯಲ್ಲಿ ಸೇರಿದೆ. ಗೋದಾವರಿ ಪ್ರದೇಶದ ಯೆರುಕಲರ ಬಗೆಗೆ ಮಿಷನರಿ ಜಾನ್ ಕೇನ್ 1874ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬರೆದ ಟಿಪ್ಪಣಿಯ ಪ್ರಕಾರ, ಹೆರಿಗೆ ನೋವು ಆರಂಭವಾದೊಡನೆ ಗಂಡ ಹೆಂಡತಿಯ ಉಡುಪು ತೊಟ್ಟು, ಹಣೆಗೆ ಹೆಂಗಸರ ಬೊಟ್ಟಿಟ್ಟು, ಮಂದ ದೀಪದ ಕತ್ತಲ ಕೋಣೆಯಲ್ಲಿ ಹೊದ್ದು ಮಲಗುತ್ತಾನೆ; ಹುಟ್ಟಿದ ಕೂಸನ್ನು ತೊಳೆದು ಅವನ ಮಗ್ಗುಲಲ್ಲಿ ಮಲಗಿಸುತ್ತಾರೆ. 1909ರಲ್ಲಿ ಪ್ರಕಟವಾದ ಥರ್ಸ್ಟನ್ ಅವರ ಸಂಪುಟಗಳಲ್ಲಿಯೂ ಕೊರವ ಸಮುದಾಯದ ಪ್ರಸ್ತಾಪದಲ್ಲಿ ಈ ವಿಷಯ ಬಂದಿದೆ. ಅಂದಿನ ಬರಹಗಾರರು ಇದನ್ನು ನಗೆಪಾಟಲಿನ ವಿಚಿತ್ರವೆಂಬಂತೆ ಕಂಡರು. ಕೂಸು ಮೊದಲು ಸೇರುವುದು ತಂದೆಯ ಮಗ್ಗುಲನ್ನು ಎಂಬ ವಿವರ ಅವರಿಗೆ ಮುಖ್ಯವೆನಿಸಲಿಲ್ಲ.

ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಆನ್ ಸ್ಟೋರಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ, ಹೆಂಡತಿ ಗರ್ಭಿಣಿಯಾಗಿದ್ದಾಗ ತಾವೂ ಬಸುರಿನ ಲಕ್ಷಣಗಳನ್ನು ಅನುಭವಿಸಿದೆವೆಂದ ಗಂಡಸರಲ್ಲಿ ಪ್ರೊಲ್ಯಾಕ್ಟಿನ್ ಪ್ರಮಾಣ ಹೆಚ್ಚಿತ್ತೆಂದು ಹೇಳಿತು. ಫಿಲಿಪ್ಪೀನ್ಸಿನ ಸೆಬು ನಗರದ 624 ತರುಣರನ್ನು 2005 ಮತ್ತು 2009ರಲ್ಲಿ ಎರಡು ಬಾರಿ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ನಡುವೆ ತಂದೆಯಾದವರ ಟೆಸ್ಟೊಸ್ಟೆರಾನ್ ಇತರರಿಗಿಂತ ಹೆಚ್ಚು ಇಳಿದಿತ್ತು. ಮಕ್ಕಳ ಆರೈಕೆಯಲ್ಲಿ ದಿನಕ್ಕೆ ಹೆಚ್ಚು ಹೊತ್ತು ತೊಡಗಿದವರಲ್ಲಿ ಅದು ಇನ್ನೂ ಕಡಿಮೆಯಿತ್ತು. ಮನುಷ್ಯ ತಂದೆಯ ದೇಹವೂ ಕೂಸಿನ ಬರವಿಗೆ ಸ್ಪಂದಿಸುತ್ತದೆಂದು ಇದರಿಂದ ಹೇಳಬಹುದು. ಆದರೆ ಆಚರಣೆ ದೇಹದಿಂದ ಹುಟ್ಟಿತೆನ್ನಲು ಇಷ್ಟು ಸಾಲದು. ನ್ಯೂಫೌಂಡ್‌ಲ್ಯಾಂಡಿನ ಗಂಡಸರಲ್ಲಿ ಹಾರ್ಮೋನು ಇತ್ತು, ಆಚರಣೆ ಇರಲಿಲ್ಲ. ಹೆಂಡತಿಯ ಸೀರೆಯುಟ್ಟು ಕತ್ತಲಲ್ಲಿ ಮಲಗುವ ಕ್ರಮವನ್ನು ಯಾವ ಹಾರ್ಮೋನೂ ರೂಪಿಸಲಾರದು. ಅದರ ರೂಪ ಸಮುದಾಯದ ನೆನಪು, ಭಯ, ಬಳಗದ ಕಟ್ಟುಪಾಡುಗಳಿಗೆ ಸೇರಿದ್ದು. ಕೋತಿಗಳ ಸಾಕ್ಷ್ಯ ಸೂಚಿಸುವ ದಾರಿ ಬಹುಶಃ ತಿರುಗುಮುರುಗಾದುದು. ಮೈಗೆ ಹತ್ತಿರವಾದ ಕೂಸು, ಪದೇ ಪದೇ ಮಾಡಿದ ಆರೈಕೆ ದೇಹವನ್ನು ಬದಲಿಸುತ್ತವೆಯಾದರೆ, ತಂದೆಯನ್ನು ಕೂಸಿನ ಮಗ್ಗುಲಲ್ಲಿ ಮಲಗಿಸುವ ಆಚರಣೆಯೂ ಅವನ ದೇಹದ ಮೇಲೆ ಕೆಲಸ ಮಾಡೀತು. ಟೈಲರ್ ಮೊದಲು ಹೇಳಿ ಅನಂತರ ಬಿಟ್ಟುಕೊಟ್ಟ ದೇಹಸಂಬಂಧದ ವಿವರಣೆಗೆ ಈ ನೆಲೆಯಲ್ಲಿ ಮರುಪರಿಶೀಲನೆಯ ಅರ್ಹತೆಯಿದೆ.

ಕರ್ನಾಟಕದಲ್ಲಿ ಈ ದೃಷ್ಟಿಯಿಂದ ನೋಡಬೇಕಾದ ಸಾಮಗ್ರಿ ಎರಡು ಬಗೆಯದು. ಗರ್ಭಿಣಿಯ ಗಂಡ ಕ್ಷೌರ ಮಾಡಿಸಿಕೊಳ್ಳಬಾರದು, ಹೆಣ ಹೊರಬಾರದು, ದೂರದ ಪ್ರಯಾಣ ಮಾಡಬಾರದು ಎಂಬ ನಿಷೇಧಗಳು ಧರ್ಮಶಾಸ್ತ್ರದಲ್ಲಿಯೂ ಜನರ ನಡೆವಳಿಕೆಯಲ್ಲಿಯೂ ಇವೆ. ಇವು ತಂದೆಯನ್ನು ಗರ್ಭಕ್ಕೆ ಕಟ್ಟಿಹಾಕುವ ಕಟ್ಟಳೆಗಳು. ಇನ್ನೊಂದೆಡೆ ಚೊಚ್ಚಲ ಹೆರಿಗೆ ಮತ್ತು ಬಾಣಂತನವನ್ನು ತವರಿನಲ್ಲಿ ಮಾಡುವ ರೂಢಿಯು, ಕೂಸು ಹುಟ್ಟಿದ ಮೊದಲ ತಿಂಗಳುಗಳಲ್ಲಿ ಅದೇ ತಂದೆಯನ್ನು ಕೂಸಿನಿಂದ ದೂರವಿರಿಸುತ್ತದೆ. ಜನನ ಸಂಸ್ಕಾರಗಳ ಸಂಗ್ರಹಕಾರ್ಯದಲ್ಲಿ ಮೊದಲನೆಯದು ಸಾಮಾನ್ಯವಾಗಿ ಬಸುರಿಯ ನಿಷೇಧಗಳ ಬಾಲವಾಗಿ ಸೇರಿಹೋಗುತ್ತದೆ, ಎರಡನೆಯದನ್ನು ಹೆಂಗಸರ ದೃಷ್ಟಿಯಿಂದಷ್ಟೇ ಕೇಳಲಾಗುತ್ತದೆ. ಗಂಡನ ಕಟ್ಟಳೆಗಳನ್ನು ಪ್ರತ್ಯೇಕವಾಗಿ ಬರೆದುಕೊಳ್ಳುವುದರ ಜೊತೆಗೆ, ತಂದೆ ಕೂಸನ್ನು ಮೊದಲು ಎತ್ತಿಕೊಂಡದ್ದು ಎಷ್ಟನೆಯ ದಿನ, ಯಾರು ಅದನ್ನು ಅವನ ಕೈಗಿತ್ತರು, ಅದಕ್ಕೆ ಮೊದಲು ಅವನು ಬೇರೆ ಯಾವ ಕೂಸನ್ನಾದರೂ ಎತ್ತಿ ಆಡಿಸಿದ್ದನೇ ಎಂಬ ಮೂರು ಪ್ರಶ್ನೆಗಳನ್ನು ಕ್ಷೇತ್ರಕಾರ್ಯದ ಪ್ರಶ್ನಾವಳಿಗೆ ಸೇರಿಸುವುದು ಕಷ್ಟದ ಕೆಲಸವಲ್ಲ.